ಡಾಲೊಮೈಟ್ ಶಿಲೆಯ ವರ್ಗೀಕರಣ ಮತ್ತು ಉತ್ಪತ್ತಿ: ಕೆಲವು ಗಡಿಗಳ ಪರಿಶೀಲನೆ

1. ವ್ಯಾಪ್ತಿ ಮತ್ತು ಬಳಕೆ

ಡಾಲೊಮೈಟ್ ಶಿಲೆಗಳನ್ನು ಭೂವಿಜ್ಞಾನಿಗಳು ಮುಖ್ಯವಾಗಿ ಮೂರು ಆಧಾರಗಳ ಮೇಲೆ ವಿಂಗಡಿಸುತ್ತಾರೆ: ರಾಸಾಯನಿಕ ಅಥವಾ ಖನಿಜ ಸಂಯೋಜನೆ, ಹರಳುಗಳ ವಿನ್ಯಾಸ, ಉತ್ಪತ್ತಿಯ ಬಗೆ. ಮೊದಲ ಎರಡು ಕಂಡದ್ದನ್ನು ಹೇಳುವ ವಿವರಣೆಗಳು, ಮೂರನೆಯದು ವ್ಯಾಖ್ಯಾನ. ಈ ಮೂರನ್ನೂ ಒಂದೇ ಹೆಸರಿನಲ್ಲಿ ಬೆರೆಸಿದಾಗ ಉಂಟಾಗುವ ತೊಡಕುಗಳನ್ನು ಗುರುತಿಸುವುದು ಈ ಟಿಪ್ಪಣಿಯ ಸೀಮಿತ ಉದ್ದೇಶ. ಅತ್ಯಂತ ಖಚಿತವೆಂದು ಭಾವಿಸಲಾಗುವ ರಾಸಾಯನಿಕ ಗಡಿಯೂ ಕೆಲವು ಸಂದರ್ಭಗಳಲ್ಲಿ ತಪ್ಪು ಹೆಸರಿಗೆ ಎಡೆಕೊಡುತ್ತದೆ ಎಂಬುದನ್ನು 4ನೆಯ ಭಾಗದಲ್ಲಿ ಲೆಕ್ಕ ಮಾಡಿ ತೋರಿಸಲಾಗಿದೆ.

ಖನಿಜಕ್ಕೂ ಶಿಲೆಗೂ ಡಾಲೊಮೈಟ್ ಎಂಬ ಒಂದೇ ಹೆಸರಿದೆ. ಶಿಲೆಗೆ ಪ್ರತ್ಯೇಕವಾಗಿ ಡಾಲೊಸ್ಟೋನ್ ಎಂಬ ಹೆಸರನ್ನು ಶ್ರಾಕ್ 1948ರಲ್ಲಿ ಸೂಚಿಸಿದರು. ಅದು ಎಲ್ಲೆಡೆ ನೆಲೆಗೊಂಡಿಲ್ಲ. ಇಲ್ಲಿ ಬರಿಯ ಡಾಲೊಮೈಟ್ ಎಂದರೆ ಖನಿಜ. ಶಿಲೆಯನ್ನು ಡಾಲೊಮೈಟ್ ಶಿಲೆ ಎಂದೇ ಕರೆಯಲಾಗಿದೆ. ಬೇರೆ ಸೂಚನೆ ಇಲ್ಲದ ಕಡೆ ಶೇಕಡಾವಾರು ಅಂಕಿಗಳೆಲ್ಲ ತೂಕದ ಲೆಕ್ಕದವು.

2. ಹೆಸರಿನ ಕಾಲಾನುಕ್ರಮ

ಡಾಲೊಮೈಟನ್ನು ಕಂಡುಹಿಡಿದ ವರ್ಷವೆಂದು ಕೆಲವು ಕೃತಿಗಳು 1791ನ್ನೂ ಕೆಲವು 1792ನ್ನೂ ಕೊಡುತ್ತವೆ. ಎರಡಕ್ಕೂ ಆಧಾರವಿದೆ, ಆದರೆ ಅವು ಎರಡು ಬೇರೆ ಘಟನೆಗಳ ವರ್ಷಗಳು. ಫ್ರೆಂಚ್ ಭೂವಿಜ್ಞಾನಿ ದೆಯೊದಾ ದ ದೊಲೊಮ್ಯು (1750–1801) 1789ರಲ್ಲಿ ಟಿರೋಲ್ ಪ್ರಾಂತ್ಯದಲ್ಲಿ ಸಂಚರಿಸಿದಾಗ, ನೋಟಕ್ಕೆ ಸುಣ್ಣಕಲ್ಲಿನಂತಿದ್ದೂ ಆಮ್ಲಕ್ಕೆ ಬಹಳ ಮಂದವಾಗಿ ನೊರೆಯುವ ಶಿಲೆಯನ್ನು ಗಮನಿಸಿದರು. ಅದರ ವಿವರಣೆ ಅವರು ಮಾಲ್ಟಾದಿಂದ ಪಿಕೊ ದ ಲಾಪೆರೂಸ್ ಅವರಿಗೆ ಬರೆದ ಪತ್ರದಲ್ಲಿದೆ. ಪತ್ರದ ದಿನಾಂಕ 30 ಜನವರಿ 1791. ಅಚ್ಚಾದದ್ದು ಅದೇ ವರ್ಷದ ಜುಲೈಯಲ್ಲಿ. ಪತ್ರದಲ್ಲಿ ಶಿಲೆಗೆ ಹೊಸ ಹೆಸರಿಲ್ಲ. ಹೆಸರು ಕೊಟ್ಟವರು ನಿಕೊಲಾ ತೆಯೊದೋರ್ ದ ಸೊಸ್ಯೂರ್, 1792ರಲ್ಲಿ ಪ್ರಕಟವಾದ ರಾಸಾಯನಿಕ ವಿಶ್ಲೇಷಣೆಯ ಲೇಖನದಲ್ಲಿ. ಆದ್ದರಿಂದ ವಿವರಣೆಗೆ 1791, ನಾಮಕರಣಕ್ಕೆ 1792 ಎಂದು ಬೇರ್ಪಡಿಸಿ ಬರೆಯುವುದು ಹೆಚ್ಚು ನಿಖರ.

ಈ ಎರಡು ವರ್ಷಗಳನ್ನೂ ಆರಂಭಬಿಂದುಗಳೆಂದು ಒಪ್ಪುವುದಕ್ಕೆ ಅಡ್ಡಿಯಾಗಬಹುದಾದ ಉಲ್ಲೇಖಗಳಿವೆ. ಲಿನೇಯಸ್ 1768ರಲ್ಲಿ ‘ನಿಧಾನ ಅಮೃತಶಿಲೆ’ ಎಂಬರ್ಥದ ಹೆಸರಿನಲ್ಲಿ ದಾಖಲಿಸಿದ ಕಲ್ಲು ಇದೇ ಇರಬಹುದೆಂಬ ಅಭಿಪ್ರಾಯವಿದೆ. ಆಮ್ಲದೊಂದಿಗಿನ ವರ್ತನೆಯೊಂದೇ ಆಧಾರವಾಗಿರುವುದರಿಂದ ಅದನ್ನು ಸಂಭಾವ್ಯ ಎನ್ನುವುದಕ್ಕಿಂತ ಮುಂದೆ ಹೋಗಲಾಗದು. ಇಟಲಿಯ ಜೊವಾನಿ ಅರ್ದುಯಿನೊ 1779ರಲ್ಲಿ ಮೆಗ್ನೀಶಿಯಾಯುಕ್ತ ಕಲ್ಲೊಂದನ್ನು ಬದಲಾವಣೆಗೊಂಡ ಸುಣ್ಣಕಲ್ಲೆಂದು ಪರಿಗಣಿಸಿದ್ದರು. ಶಿಲೆಯ ಉತ್ಪತ್ತಿಯ ಚರ್ಚೆ ಅದರ ಹೆಸರಿಗಿಂತ ಹಳೆಯದು ಎಂಬುದಕ್ಕೆ ಇದಿಷ್ಟು ಸಾಕು.

ಸೊಸ್ಯೂರ್ ಅವರ 1792ರ ವಿಶ್ಲೇಷಣೆಯಲ್ಲಿ ಮೆಗ್ನೀಶಿಯಾದ ಪಾಲು ಅತ್ಯಲ್ಪ, ಅಲ್ಯೂಮಿನಾದ ಪಾಲು ಅದಕ್ಕಿಂತ ಹೆಚ್ಚು. ಇಂದಿನ ಅರ್ಥದಲ್ಲಿ ಡಾಲೊಮೈಟಿನ ಐದನೇ ಒಂದು ಭಾಗಕ್ಕಿಂತ ಹೆಚ್ಚಿರುವ ಘಟಕವೇ ನಾಮಕರಣದ ಲೇಖನದಲ್ಲಿ ತಪ್ಪಿಹೋಗಿದೆ. ಅಂದಿನ ಪ್ರಯೋಗಶಾಲೆಗಳಲ್ಲಿ ಮೆಗ್ನೀಶಿಯಾವನ್ನು ಪೂರ್ತಿಯಾಗಿ ಬೇರ್ಪಡಿಸುವುದು ಸುಲಭವಿರಲಿಲ್ಲ. ಮೆಗ್ನೀಶಿಯಾಯುಕ್ತ ಸುಣ್ಣಕಲ್ಲಿನ ಸಂಯೋಜನೆ ಸ್ಪಷ್ಟವಾಗಿ ಸ್ಥಾಪಿತವಾದ ಮೊದಲ ಕೆಲಸಗಳಲ್ಲಿ ಸ್ಮಿತ್‌ಸನ್ ಟೆನ್ನಂಟ್ ಅವರ 1799ರ ಪ್ರಬಂಧ ಸೇರುತ್ತದೆ. ಅದರ ವಿಷಯ ಪರ್ವತಗಳಲ್ಲ, ಇಂಗ್ಲೆಂಡಿನ ಹೊಲಗಳಿಗೆ ಹಾಕುತ್ತಿದ್ದ ಸುಣ್ಣ; ಕೆಲವು ಬಗೆಯ ಸುಣ್ಣ ಪೈರಿಗೆ ಹಾನಿ ಮಾಡುವುದೇಕೆ ಎಂಬ ಪ್ರಶ್ನೆ.

ಪರ್ವತಶ್ರೇಣಿಯ ಹೆಸರಿನಿಂದ ಕಲ್ಲಿಗೆ ಹೆಸರು ಬಂತು ಎಂಬ ಹೇಳಿಕೆ ಜನಪ್ರಿಯ ಬರಹಗಳಲ್ಲಿ ಸಿಗುತ್ತದೆ. ಕ್ರಮ ಇದಕ್ಕೆ ವಿರುದ್ಧ. ಇಂದಿನ ಈಶಾನ್ಯ ಇಟಲಿಯ ಡಾಲೊಮೈಟ್ಸ್ ಪರ್ವತಗಳ ಹೆಸರು ಸಾರ್ವತ್ರಿಕವಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ; ಗಿಲ್ಬರ್ಟ್ ಮತ್ತು ಚರ್ಚಿಲ್ ಅವರ 1864ರ ಪ್ರವಾಸಗ್ರಂಥಕ್ಕೆ ಅದರಲ್ಲಿ ದೊಡ್ಡ ಪಾತ್ರವಿದೆ. ಆ ಶ್ರೇಣಿಯ ಅತ್ಯುನ್ನತ ಶಿಖರ ಮಾರ್ಮೊಲಾಡಾ (3,343 ಮೀಟರ್) ಬಹುಪಾಲು ಸುಣ್ಣಕಲ್ಲಿನದು ಎಂಬುದನ್ನೂ ದಾಖಲಿಸಬೇಕು.

3. ಖನಿಜ: ಸಂಯೋಜನೆ ಮತ್ತು ಕ್ರಮಬದ್ಧತೆ

ಆದರ್ಶ ಡಾಲೊಮೈಟಿನಲ್ಲಿ ಒಂದು ಕ್ಯಾಲ್ಸಿಯಂ, ಒಂದು ಮೆಗ್ನೀಸಿಯಂ ಮತ್ತು ಎರಡು ಕಾರ್ಬೊನೇಟ್ ಘಟಕಗಳಿವೆ. ತೂಕದಲ್ಲಿ ಕ್ಯಾಲ್ಸಿಯಂ ಆಕ್ಸೈಡ್ ಶೇ. 30.41, ಮೆಗ್ನೀಶಿಯಾ ಶೇ. 21.86, ಇಂಗಾಲದ ಡೈಆಕ್ಸೈಡ್ ಶೇ. 47.73. ಆದರೆ ಸಂಯೋಜನೆಯೊಂದರಿಂದಲೇ ಡಾಲೊಮೈಟ್ ಆಗುವುದಿಲ್ಲ. ಹರಳಿನೊಳಗೆ ಕ್ಯಾಲ್ಸಿಯಂ ಪದರ, ಕಾರ್ಬೊನೇಟ್ ಪದರ, ಮೆಗ್ನೀಸಿಯಂ ಪದರ, ಮತ್ತೆ ಕಾರ್ಬೊನೇಟ್ ಪದರ ಎಂಬ ಸರದಿ ಇರಬೇಕು. ಎರಡೂ ಲೋಹಗಳು ಒಂದೇ ಪದರದಲ್ಲಿ ಬೆರೆತಿದ್ದರೆ ರಚನೆ ಕ್ಯಾಲ್ಸೈಟಿನದೇ ಆಗಿರುತ್ತದೆ. ಅದು ಮೆಗ್ನೀಸಿಯಂ ಹೆಚ್ಚಿರುವ ಕ್ಯಾಲ್ಸೈಟ್ ಅಷ್ಟೇ.

ಪದರಗಳ ಈ ಸರದಿಯನ್ನು ಎಕ್ಸ್-ಕಿರಣ ವಿವರ್ತನೆಯಲ್ಲಿ ಕ್ರಮಸೂಚಕ ರೇಖೆಗಳೆಂದು ಕರೆಯಲಾಗುವ ಕೆಲವು ದುರ್ಬಲ ರೇಖೆಗಳು ತೋರಿಸಿಕೊಡುತ್ತವೆ. ಸಂಯೋಜನೆಗೆ ಬೇರೆ ಅಳತೆ ಇದೆ: ಮುಖ್ಯ ರೇಖೆಯ ಪದರಾಂತರ. ಕ್ಯಾಲ್ಸೈಟಿನಲ್ಲಿ ಇದು ಸುಮಾರು 3.035 ಆಂಗ್‌ಸ್ಟ್ರಾಮ್, ಆದರ್ಶ ಡಾಲೊಮೈಟಿನಲ್ಲಿ 2.886. ಲಮ್ಸ್‌ಡೆನ್ 1979ರಲ್ಲಿ ಕೊಟ್ಟ ಸರಳರೇಖೀಯ ಸೂತ್ರದಂತೆ, ಪದರಾಂತರವನ್ನು 333.33ರಿಂದ ಗುಣಿಸಿ 911.99 ಕಳೆದರೆ ಕ್ಯಾಲ್ಸಿಯಂ ಕಾರ್ಬೊನೇಟಿನ ಮೋಲ್ ಶೇಕಡಾ ದೊರೆಯುತ್ತದೆ. 2.886ಕ್ಕೆ 50.0, 2.901ಕ್ಕೆ 55.0. ಅಂದರೆ 0.003 ಆಂಗ್‌ಸ್ಟ್ರಾಮ್ ವ್ಯತ್ಯಾಸ ಒಂದು ಮೋಲ್ ಶೇಕಡಾಕ್ಕೆ ಸಮ. ಉಪಕರಣದ ಹೊಂದಾಣಿಕೆಯಲ್ಲಿ ಇಷ್ಟು ಏರುಪೇರಾಗುವುದು ಅಪರೂಪವಲ್ಲ. ಆದ್ದರಿಂದ ಆಂತರಿಕ ಮಾನಕವಿಲ್ಲದೆ ಅಳೆದ ಮೌಲ್ಯಗಳನ್ನು ದಶಮಾಂಶ ಸ್ಥಾನದವರೆಗೆ ನಂಬಲು ಆಗದು. ಕಬ್ಬಿಣ ಸೇರಿದ್ದರೂ ಪದರಾಂತರ ಹಿಗ್ಗುತ್ತದೆ. ಸೂತ್ರ ಅದನ್ನು ಕ್ಯಾಲ್ಸಿಯಂ ಎಂದೇ ಓದುತ್ತದೆ.

ಸಂಯೋಜನೆ ಡಾಲೊಮೈಟಿಗೆ ಸಮೀಪವಿದ್ದು ಕ್ರಮಬದ್ಧತೆ ದುರ್ಬಲವಾಗಿರುವ ಪದಾರ್ಥವನ್ನು ಗ್ರಾಫ್ ಮತ್ತು ಗೋಲ್ಡ್‌ಸ್ಮಿತ್ 1956ರಲ್ಲಿ ಪ್ರೊಟೊಡಾಲೊಮೈಟ್ ಎಂದು ಕರೆದರು. ಈ ಹೆಸರನ್ನು ನಂತರದವರು ಒಂದೇ ಅರ್ಥದಲ್ಲಿ ಬಳಸಿಲ್ಲ. ಕೆಲವರಿಗೆ ಅದು ಮಂದ ಕ್ರಮಸೂಚಕ ರೇಖೆಗಳಿರುವ ಹರಳು, ಇನ್ನು ಕೆಲವರಿಗೆ ಅಂಥ ರೇಖೆಗಳೇ ಇಲ್ಲದ ಹರಳು. ಈ ವ್ಯತ್ಯಾಸ 7ನೆಯ ಭಾಗದ ಚರ್ಚೆಯಲ್ಲಿ ನಿರ್ಣಾಯಕವಾಗುತ್ತದೆ.

4. ಸಂಯೋಜನೆಯ ಗಡಿಗಳು

ಹೆಚ್ಚು ಬಳಕೆಯಲ್ಲಿರುವ ವಿಂಗಡಣೆ ಪೆಟಿಜಾನ್ ಅವರ ಪಠ್ಯದಿಂದ ಹರಡಿದ್ದು. ಕಾರ್ಬೊನೇಟ್ ಭಾಗದಲ್ಲಿ ಡಾಲೊಮೈಟ್ ಶೇ. 10ಕ್ಕಿಂತ ಕಡಿಮೆಯಿದ್ದರೆ ಸುಣ್ಣಕಲ್ಲು, 10ರಿಂದ 50 ಇದ್ದರೆ ಡಾಲೊಮೈಟ್‌ಯುಕ್ತ ಸುಣ್ಣಕಲ್ಲು, 50ರಿಂದ 90 ಇದ್ದರೆ ಕ್ಯಾಲ್ಸೈಟ್‌ಯುಕ್ತ ಡಾಲೊಮೈಟ್ ಶಿಲೆ, 90ಕ್ಕಿಂತ ಹೆಚ್ಚಿದ್ದರೆ ಡಾಲೊಮೈಟ್ ಶಿಲೆ. ಚಿಲಿಂಗಾರ್ 1957ರಲ್ಲಿ ಇದರ ಬದಲು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅನುಪಾತವನ್ನು ಆಧಾರವಾಗಿಟ್ಟರು. ಆದರ್ಶ ಡಾಲೊಮೈಟಿನಲ್ಲಿ ಈ ಅನುಪಾತ ತೂಕದಲ್ಲಿ 1.65. ಒಂದು ಖನಿಜವನ್ನು ಎಣಿಸುವ ಪದ್ಧತಿ, ಇನ್ನೊಂದು ಧಾತುವನ್ನು ಅಳೆಯುವ ಪದ್ಧತಿ. ಪ್ರಕಟಿತ ಕೋಷ್ಟಕಗಳಲ್ಲಿ ಇವೆರಡನ್ನೂ ಸಮಾನವೆಂಬಂತೆ ಅಕ್ಕಪಕ್ಕ ಇಡಲಾಗುತ್ತದೆ. ಸಮಾನವೇ?

4.1. ಮೆಗ್ನೀಶಿಯಾದ ಅಂಕಿಯಿಂದ ಡಾಲೊಮೈಟಿನ ಪಾಲು ತಿಳಿಯುವ ವಾಡಿಕೆಯ ಮಾರ್ಗ ಅದನ್ನು 21.86ರಿಂದ ಭಾಗಿಸುವುದು. ಇದರಂತೆ ಪೆಟಿಜಾನ್ ಗಡಿಗಳು ಕ್ರಮವಾಗಿ ಶೇ. 2.19, 10.93 ಮತ್ತು 19.67 ಮೆಗ್ನೀಶಿಯಾಕ್ಕೆ ಹೊಂದುತ್ತವೆ. ಶೇ. 19ರಷ್ಟು ಮೆಗ್ನೀಶಿಯಾ ಇರುವ ಕಲ್ಲಿನಲ್ಲಿ ಡಾಲೊಮೈಟ್ ಶೇ. 86.9, ಗಣಿ ವ್ಯಾಪಾರದಲ್ಲಿ ನಿಸ್ಸಂಶಯವಾಗಿ ಡಾಲೊಮೈಟ್ ಎಂದೇ ಮಾರಾಟವಾಗುವ ಈ ಕಲ್ಲು ಪೆಟಿಜಾನ್ ವಿಂಗಡಣೆಯಲ್ಲಿ ಕ್ಯಾಲ್ಸೈಟ್‌ಯುಕ್ತ ಡಾಲೊಮೈಟ್ ಶಿಲೆ.

4.2. ಮೇಲಿನ ಭಾಗಾಕಾರ ಖನಿಜವು ಆದರ್ಶ ಸಂಯೋಜನೆಯದೆಂದು ಊಹಿಸುತ್ತದೆ. ಪ್ರಕೃತಿಯಲ್ಲಿ ಕ್ಯಾಲ್ಸಿಯಂ ಹೆಚ್ಚಿರುವ ಡಾಲೊಮೈಟ್ ಸಾಮಾನ್ಯ, ವಿಶೇಷವಾಗಿ ಕಡಿಮೆ ಭೂವೈಜ್ಞಾನಿಕ ವಯಸ್ಸಿನ ಶಿಲೆಗಳಲ್ಲಿ. ಕ್ಯಾಲ್ಸಿಯಂ 55, ಮೆಗ್ನೀಸಿಯಂ 45 ಮೋಲ್ ಶೇಕಡಾ ಇರುವ ಖನಿಜವನ್ನು ತೆಗೆದುಕೊಂಡರೆ ಅದರಲ್ಲಿ ಮೆಗ್ನೀಶಿಯಾ ಶೇ. 19.50. ಇದನ್ನು 21.86ರಿಂದ ಭಾಗಿಸಿದರೆ ಡಾಲೊಮೈಟ್ ಶೇ. 89.2 ಎಂಬ ಉತ್ತರ ಬರುತ್ತದೆ. ಕ್ಯಾಲ್ಸೈಟಿನ ಒಂದು ಕಣವೂ ಇಲ್ಲದ ಶಿಲೆ ಹೀಗೆ ಕ್ಯಾಲ್ಸೈಟ್‌ಯುಕ್ತ ಎಂಬ ವಿಶೇಷಣ ಪಡೆಯುತ್ತದೆ. ಶೇ. 90ರ ಗಡಿಯ ಸುತ್ತ ಇರುವ ಹಳೆಯ ವಿಶ್ಲೇಷಣೆಗಳನ್ನು ಖನಿಜ ಪರೀಕ್ಷೆಯಿಲ್ಲದೆ ಮರುವರ್ಗೀಕರಿಸುವುದು ಅಪಾಯಕರವಾಗಿರುವುದು ಈ ಕಾರಣಕ್ಕೆ.

4.3. ವಿರುದ್ಧ ದಿಕ್ಕಿನ ದೋಷವೂ ಸಾಧ್ಯ. ಹತ್ತು ಮೋಲ್ ಶೇಕಡಾ ಮೆಗ್ನೀಸಿಯಂ ಕಾರ್ಬೊನೇಟ್ ಇರುವ ಕ್ಯಾಲ್ಸೈಟಿನಲ್ಲಿ ಮೆಗ್ನೀಶಿಯಾ ಶೇ. 4.09. ಲೆಕ್ಕದ ಪ್ರಕಾರ ಡಾಲೊಮೈಟ್ ಶೇ. 18.7; ವಾಸ್ತವದಲ್ಲಿ ಸೊನ್ನೆ. ಇಂಥ ಕ್ಯಾಲ್ಸೈಟ್ ಇಂದಿನ ಕಡಲಜೀವಿಗಳ ಚಿಪ್ಪುಗಳಲ್ಲಿ ಸಾಮಾನ್ಯ, ಪ್ರಾಚೀನ ಶಿಲೆಗಳಲ್ಲಿ ಉಳಿದಿರುವುದು ವಿರಳ. ಆದ್ದರಿಂದ ಈ ದೋಷ ಹೆಚ್ಚಾಗಿ ಇತ್ತೀಚಿನ ಹವಳದಿಬ್ಬಗಳ ಸುಣ್ಣಕಲ್ಲುಗಳಿಗೆ ಸೀಮಿತ.

4.4. ಆಮ್ಲದಲ್ಲಿ ಕರಗದ ಭಾಗವನ್ನು ಮೊದಲು ಕಳೆಯಬೇಕು. ಶೇ. 15ರಷ್ಟು ಚರ್ಟ್ ಇರುವ ಶಿಲೆಯ ಒಟ್ಟು ವಿಶ್ಲೇಷಣೆಯಲ್ಲಿ ಮೆಗ್ನೀಶಿಯಾ ಶೇ. 17 ಬಂದರೆ, ಕಾರ್ಬೊನೇಟ್ ಭಾಗದಲ್ಲಿ ಅದು ಶೇ. 20, ಡಾಲೊಮೈಟ್ ಶೇ. 91.5. ತಿದ್ದುಪಡಿ ಮಾಡದಿದ್ದರೆ 77.8. ಎರಡು ಅಂಕಿಗಳು ಎರಡು ಬೇರೆ ವರ್ಗಗಳಿಗೆ ಸೇರುತ್ತವೆ. ಯಾವುದು ಪ್ರಕಟವಾಗಿದೆ ಎಂಬುದು ಅನೇಕ ವರದಿಗಳಲ್ಲಿ ಸ್ಪಷ್ಟವಿರುವುದಿಲ್ಲ.

4.5. ಸೂಕ್ಷ್ಮದರ್ಶಕದಡಿ ಬಿಂದುಗಳನ್ನೆಣಿಸಿ ಪಡೆಯುವ ಪಾಲು ಗಾತ್ರದ್ದು, ತೂಕದ್ದಲ್ಲ. ಕ್ಯಾಲ್ಸೈಟಿನ ಸಾಂದ್ರತೆ 2.71, ಡಾಲೊಮೈಟಿನದು ಸುಮಾರು 2.87 ಎಂದಿಟ್ಟುಕೊಂಡರೆ ಗಾತ್ರದಲ್ಲಿ ಶೇ. 50 ಇದ್ದದ್ದು ತೂಕದಲ್ಲಿ 51.4, ಗಾತ್ರದ 90 ತೂಕದಲ್ಲಿ 90.5. ವ್ಯತ್ಯಾಸ ಸಣ್ಣದು, ಎಣಿಕೆಯ ಸಹಜ ದೋಷದೊಳಗೆ ಮುಚ್ಚಿಹೋಗುವಂಥದ್ದು. ಇದನ್ನು ಇಲ್ಲಿ ನಮೂದಿಸಿರುವುದು ಪೂರ್ಣತೆಗಾಗಿ ಮಾತ್ರ.

ಕ್ಷೇತ್ರದಲ್ಲಿ ಶೇ. 10ರ ತಣ್ಣನೆಯ ಹೈಡ್ರೋಕ್ಲೋರಿಕ್ ಆಮ್ಲದ ಹನಿಯೇ ಮೊದಲ ಪರೀಕ್ಷೆ. ಕ್ಯಾಲ್ಸೈಟ್ ಜೋರಾಗಿ ನೊರೆಯುತ್ತದೆ. ಡಾಲೊಮೈಟ್ ಪುಡಿ ಮಾಡಿದಾಗ ಮಾತ್ರ ಸ್ಪಷ್ಟವಾಗಿ ನೊರೆಯುತ್ತದೆ. ತೆಳುಛೇದದಲ್ಲಿ ಅಲಿಝರಿನ್ ರೆಡ್ ಬಣ್ಣ ಕ್ಯಾಲ್ಸೈಟಿಗೆ ಹತ್ತುತ್ತದೆ, ಡಾಲೊಮೈಟಿಗೆ ಹತ್ತುವುದಿಲ್ಲ. ಪೊಟ್ಯಾಸಿಯಂ ಫೆರಿಸಯನೈಡ್ ಸೇರಿಸಿದರೆ ಕಬ್ಬಿಣಯುಕ್ತ ಹರಳುಗಳು ನೀಲಿ ಛಾಯೆ ಪಡೆಯುತ್ತವೆ. ಈ ಪರೀಕ್ಷೆಗಳು ಖನಿಜವನ್ನು ಗುರುತಿಸುತ್ತವೆ, ಆದರ್ಶ ಸಂಯೋಜನೆಯಿಂದ ಅದು ಎಷ್ಟು ದೂರವಿದೆ ಎಂಬುದನ್ನಲ್ಲ.

5. ಹರಳಿನ ವಿನ್ಯಾಸ

ಡನ್‌ಹ್ಯಾಮ್ 1962ರಲ್ಲಿ ರೂಪಿಸಿದ ಸುಣ್ಣಕಲ್ಲಿನ ವರ್ಗೀಕರಣದಲ್ಲಿ ಮೂಲ ರಚನೆ ಅಳಿಸಿಹೋದ ಶಿಲೆಗಳಿಗೆಲ್ಲ ಒಂದೇ ಗೂಡು: ಹರಳುರೂಪಿ ಕಾರ್ಬೊನೇಟ್. ಬಹುಪಾಲು ಡಾಲೊಮೈಟ್ ಶಿಲೆಗಳು ಅದರೊಳಗೇ ಬೀಳುವುದರಿಂದ ಬೇರೆ ಪದ್ಧತಿ ಬೇಕಾಯಿತು. ಫ್ರೀಡ್‌ಮನ್ 1965ರಲ್ಲಿ ಹರಳುಗಳ ಅಂಚು ಎಷ್ಟರಮಟ್ಟಿಗೆ ಸ್ವಂತ ಆಕಾರ ತಳೆದಿದೆ ಎಂಬುದರ ಮೇಲೆ ವಿಂಗಡಿಸಿದರು. ಇಂದು ಹೆಚ್ಚು ಬಳಕೆಯಲ್ಲಿರುವುದು ಸಿಬ್ಲಿ ಮತ್ತು ಗ್ರೆಗ್ ಅವರ 1987ರ ವರ್ಗೀಕರಣ.

ಅದರಲ್ಲಿ ಹರಳುಗಳ ಗಡಿ ನೇರವಾದ ಮುಖಗಳಿಂದಾಗಿದ್ದರೆ ಸಮತಳ ವಿನ್ಯಾಸ, ಬಾಗಿದ ಅಥವಾ ಅಂಕುಡೊಂಕಾದ ಗಡಿಗಳಿದ್ದರೆ ಅಸಮತಳ ವಿನ್ಯಾಸ. ಸಮತಳದಲ್ಲಿ ಬಹುಪಾಲು ಹರಳುಗಳು ಪೂರ್ಣಾಕೃತಿಯವಾಗಿರಬಹುದು ಅಥವಾ ಒಂದಕ್ಕೊಂದು ಒತ್ತಿಕೊಂಡ ಅರೆಯಾಕೃತಿಯವಾಗಿರಬಹುದು. ಜೊತೆಗೆ ಹರಳುಗಳ ಗಾತ್ರ ಏಕರೂಪವೇ ಮಿಶ್ರವೇ ಎಂಬುದನ್ನೂ, ಚಿಪ್ಪು ಮತ್ತು ಕಣಗಳು ಹಾಗೇ ಉಳಿದಿವೆಯೇ, ಮೂಲ ರೂಪ ಉಳಿಸಿಕೊಂಡು ಪಲ್ಲಟಗೊಂಡಿವೆಯೇ, ಅಳಿಸಿಹೋಗಿವೆಯೇ, ಕರಗಿ ಖಾಲಿಯಾಗಿವೆಯೇ ಎಂಬುದನ್ನೂ ದಾಖಲಿಸಬೇಕು.

ವಿವರಣೆಗೆಂದೇ ರಚಿತವಾದ ಈ ಪದ್ಧತಿಯೊಳಗೂ ಒಂದು ವ್ಯಾಖ್ಯಾನ ಹೊಕ್ಕಿದೆ. ಒಂದು ನಿರ್ಣಾಯಕ ಉಷ್ಣಾಂಶಕ್ಕಿಂತ ಕೆಳಗೆ ಹರಳಿನ ಮುಖ ನುಣುಪಾಗಿ ಬೆಳೆಯುತ್ತದೆ, ಮೇಲೆ ಒರಟಾಗುತ್ತದೆ ಎಂಬ ಸಿದ್ಧಾಂತದ ಆಧಾರದ ಮೇಲೆ ಅಸಮತಳ ವಿನ್ಯಾಸವನ್ನು ಹೆಚ್ಚಿನ ಉಷ್ಣಾಂಶದ ಗುರುತಾಗಿ ಓದುವುದು ರೂಢಿ. ಡಾಲೊಮೈಟಿಗೆ ಈ ಮಿತಿಯನ್ನು 50 ಡಿಗ್ರಿ ಸೆಲ್ಸಿಯಸ್‌ನಿಂದ ಮೇಲಕ್ಕೆ, 100ರೊಳಗೆ ಇಡಲಾಗುತ್ತದೆ. ಆದರೆ ಅತಿಸಂತೃಪ್ತತೆ ಹೆಚ್ಚಿದ್ದರೆ ಕಡಿಮೆ ಉಷ್ಣಾಂಶದಲ್ಲೂ ಒರಟು ಮುಖಗಳು ಬೆಳೆಯಬಹುದು. ಸಮತಳ ಶಿಲೆ ಆಮೇಲೆ ಮರುಹರಳುಗಟ್ಟಿ ಅಸಮತಳವಾಗಲೂ ಬಹುದು. ಹೀಗಾಗಿ ಅಸಮತಳ ಎಂಬುದರಿಂದ ‘ಆಳದಲ್ಲಿ ಹುಟ್ಟಿದ್ದು’ ಎಂಬ ನಿರ್ಣಯಕ್ಕೆ ನೇರವಾಗಿ ಹಾರುವುದು ಸಮರ್ಥನೀಯವಲ್ಲ.

ಜೀನು ಡಾಲೊಮೈಟ್ ಸ್ವಲ್ಪಮಟ್ಟಿಗೆ ಬೇರೆ. ಇದರ ಹರಳಿನ ಮುಖಗಳು ಕುದುರೆಯ ಜೀನಿನಂತೆ ಬಾಗಿರುತ್ತವೆ. ಧ್ರುವೀಕೃತ ಬೆಳಕಿನಲ್ಲಿ ವೇದಿಕೆ ತಿರುಗಿಸಿದಾಗ ಹರಳು ಒಮ್ಮೆಲೇ ಕಪ್ಪಾಗದೆ ಕಪ್ಪು ಪಟ್ಟಿಯೊಂದು ಅದರ ಉದ್ದಕ್ಕೂ ಸರಿಯುತ್ತದೆ. ರಾಡ್ಕೆ ಮತ್ತು ಮ್ಯಾಥಿಸ್ 1980ರಲ್ಲಿ ಇದಕ್ಕೆ 60ರಿಂದ 150 ಡಿಗ್ರಿ ಸೆಲ್ಸಿಯಸ್ ವ್ಯಾಪ್ತಿ ಸೂಚಿಸಿದರು. ಉಷ್ಣಾಂಶದ ಸೂಚಕವಾಗಿ ಇದು ಅಸಮತಳ ವಿನ್ಯಾಸಕ್ಕಿಂತ ವಿಶ್ವಾಸಾರ್ಹ ಎನ್ನಬಹುದು. ಆದರೆ ಬಿರುಕುಗಳನ್ನು ತುಂಬಿದ ಜೀನು ಡಾಲೊಮೈಟಿನ ಉಷ್ಣಾಂಶವನ್ನು ಸುತ್ತಲಿನ ಶಿಲೆಗೆ ಅನ್ವಯಿಸುವುದು ಬೇರೆ ಮಾತು.

ತೈಲ ಭೂವಿಜ್ಞಾನದಲ್ಲಿ ಲೂಸಿಯಾ ಅವರ 1995ರ ವಿಂಗಡಣೆ ಹರಳಿನ ಗಾತ್ರವನ್ನು 20 ಮತ್ತು 100 ಮೈಕ್ರೊಮೀಟರ್‌ಗಳಲ್ಲಿ ಕತ್ತರಿಸುತ್ತದೆ. ಅದರ ಗುರಿ ದ್ರವದ ಹರಿವು. ಉತ್ಪತ್ತಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ, ಮತ್ತು ಅದೇ ಅದರ ಗುಣ.

6. ಪಲ್ಲಟದ ಲೆಕ್ಕಾಚಾರ

ಹೆಚ್ಚಿನ ಡಾಲೊಮೈಟ್ ಶಿಲೆಗಳು ಮೊದಲೇ ಇದ್ದ ಸುಣ್ಣದ ಕೆಸರು ಅಥವಾ ಸುಣ್ಣಕಲ್ಲು ಪಲ್ಲಟಗೊಂಡು ಆದವು ಎಂಬುದರಲ್ಲಿ ವ್ಯಾಪಕ ಒಮ್ಮತವಿದೆ. ಪಲ್ಲಟ ಯಾವ ರಾಸಾಯನಿಕ ಕ್ರಿಯೆಯಿಂದ ಎಂಬುದರಲ್ಲಿ ಅಷ್ಟಿಲ್ಲ.

ಎರಡು ಮೋಲ್ ಕ್ಯಾಲ್ಸೈಟಿಗೆ ಒಂದು ಮೋಲ್ ಮೆಗ್ನೀಸಿಯಂ ಬಂದು ಒಂದು ಮೋಲ್ ಕ್ಯಾಲ್ಸಿಯಂ ಹೊರಹೋದರೆ ಘನದ ಗಾತ್ರ 73.86 ಘನ ಸೆಂಟಿಮೀಟರಿನಿಂದ 64.34ಕ್ಕೆ ಇಳಿಯುತ್ತದೆ, ಕುಗ್ಗುವಿಕೆ ಶೇ. 12.9. ಎಲಿ ದ ಬೊಮೊಂ 1836ರಲ್ಲಿ ಇಂಥ ಲೆಕ್ಕವನ್ನು ಮುಂದಿಟ್ಟಾಗಿನಿಂದ ಸಾಹಿತ್ಯದಲ್ಲಿ ಶೇ. 12ರಿಂದ 13ರವರೆಗಿನ ಅಂಕಿಗಳು ಸಿಗುತ್ತವೆ. ಈ ವ್ಯತ್ಯಾಸಕ್ಕೆ ಸಾಂದ್ರತೆಯ ಆಯ್ಕೆ ಒಂದು ಕಾರಣ: ಡಾಲೊಮೈಟಿನ ಸಾಂದ್ರತೆಯನ್ನು 2.85 ಎಂದು ತೆಗೆದುಕೊಂಡರೆ ಕುಗ್ಗುವಿಕೆ ಶೇ. 12.4 ಮಾತ್ರ. ಆದರೆ ಹೊರಗಿನಿಂದ ಮೆಗ್ನೀಸಿಯಂ ಜೊತೆ ಕಾರ್ಬೊನೇಟ್ ಕೂಡ ಬಂದು, ಒಂದು ಮೋಲ್ ಕ್ಯಾಲ್ಸೈಟ್ ಒಂದು ಮೋಲ್ ಡಾಲೊಮೈಟ್ ಆದರೆ ಘನದ ಗಾತ್ರ ಶೇ. 74ರಷ್ಟು ಹೆಚ್ಚುತ್ತದೆ. ಮೊದಲನೆಯದು ರಂಧ್ರಗಳನ್ನು ತೆರೆಯುವ ಕ್ರಿಯೆ, ಎರಡನೆಯದು ಮುಚ್ಚುವ ಕ್ರಿಯೆ. ನಿಸರ್ಗದಲ್ಲಿ ನಡೆಯುವುದು ಇವೆರಡರ ನಡುವೆ ಎಲ್ಲೋ ಇರಬೇಕು. ಡಾಲೊಮೈಟೀಕರಣ ರಂಧ್ರತೆಯನ್ನು ಶೇ. 13 ಹೆಚ್ಚಿಸುತ್ತದೆ ಎಂಬ ಪಠ್ಯಪುಸ್ತಕದ ಮಾತನ್ನು ಇಷ್ಟು ಷರತ್ತುಗಳೊಂದಿಗೆ ಓದಬೇಕು.

ಮೆಗ್ನೀಸಿಯಂ ಪೂರೈಕೆಯ ಲೆಕ್ಕ ಇನ್ನೂ ಕಠಿಣ. ಶೇ. 40 ರಂಧ್ರತೆಯ ಒಂದು ಘನ ಮೀಟರ್ ಸುಣ್ಣದ ಕೆಸರಿನಲ್ಲಿ 1,626 ಕಿಲೊ ಕ್ಯಾಲ್ಸೈಟ್ ಇದೆ, ಸುಮಾರು 16,250 ಮೋಲ್. ಮೇಲಿನ ಮೊದಲ ಕ್ರಿಯೆಗೆ ಬೇಕಾದ ಮೆಗ್ನೀಸಿಯಂ ಅದರ ಅರ್ಧ, 8,120 ಮೋಲ್. ಸಮುದ್ರದ ನೀರಿನ ಒಂದು ಘನ ಮೀಟರಿನಲ್ಲಿ ಸುಮಾರು 54 ಮೋಲ್ ಇರುವುದರಿಂದ 150 ಘನ ಮೀಟರ್ ನೀರು ಬೇಕು. ರಂಧ್ರಗಳ ಗಾತ್ರ 0.4 ಘನ ಮೀಟರ್. ಅಂದರೆ ರಂಧ್ರಗಳ ನೀರು ಸುಮಾರು 375 ಸಲ ಬದಲಾಗಬೇಕು, ಅದೂ ಪ್ರತಿಸಲವೂ ಮೆಗ್ನೀಸಿಯಂ ಪೂರ್ತಿಯಾಗಿ ಬಳಕೆಯಾದರೆ. ಹಾಗೆ ಪೂರ್ತಿ ಬಳಕೆ ಆಗುವುದಿಲ್ಲ. ಲ್ಯಾಂಡ್ 1985ರಲ್ಲಿ ಕೊಟ್ಟ ಅಂಕಿ ಸುಮಾರು 650. ಎರಡೂ ಅಂಕಿಗಳ ಮುಖ್ಯ ಸೂಚನೆ ಒಂದೇ: ನೀರನ್ನು ದೀರ್ಘಕಾಲ ತಳ್ಳುವ ವ್ಯವಸ್ಥೆಯೊಂದು ಬೇಕು. ಉತ್ಪತ್ತಿಯ ಮಾದರಿಗಳೆಲ್ಲ ಮೂಲತಃ ಈ ನೀರಿನ ಚಲನೆಯ ಮಾದರಿಗಳು.

7. ಪ್ರಯೋಗಶಾಲೆಯ ಸಾಕ್ಷ್ಯ

ಇಂದಿನ ಸಮುದ್ರದ ನೀರು ಡಾಲೊಮೈಟಿನ ದೃಷ್ಟಿಯಿಂದ ಅತಿಸಂತೃಪ್ತ. ಆದರೂ ಅದರಿಂದ ಡಾಲೊಮೈಟ್ ನೇರವಾಗಿ ಹರಳುಗಟ್ಟುವುದು ಕಾಣದು. ಸಾವಿರ ಪಟ್ಟು ಅತಿಸಂತೃಪ್ತ ದ್ರಾವಣವನ್ನು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 32 ವರ್ಷ ಇಟ್ಟರೂ ಡಾಲೊಮೈಟ್ ಮೂಡಲಿಲ್ಲ ಎಂದು ಲ್ಯಾಂಡ್ 1998ರಲ್ಲಿ ವರದಿ ಮಾಡಿದರು. ನಕಾರಾತ್ಮಕ ಫಲಿತಾಂಶವನ್ನು ಲೇಖನದ ಶೀರ್ಷಿಕೆಯಲ್ಲೇ ಇಟ್ಟದ್ದು ಈ ಕ್ಷೇತ್ರದ ಒಳ್ಳೆಯ ಸಂಪ್ರದಾಯಗಳಲ್ಲಿ ಒಂದು.

ತಡೆ ಎಲ್ಲಿದೆ? ಮೆಗ್ನೀಸಿಯಂ ಅಯಾನು ತನ್ನ ಸುತ್ತಲಿನ ನೀರಿನ ಅಣುಗಳನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ ಎಂಬುದು ಹಳೆಯ ವಿವರಣೆ. ಸಲ್ಫೇಟ್ ಅಡ್ಡಿಯಾಗುತ್ತದೆ ಎಂದು ಬೇಕರ್ ಮತ್ತು ಕಾಸ್ಟ್‌ನರ್ 1981ರಲ್ಲಿ ಹೆಚ್ಚಿನ ಉಷ್ಣಾಂಶದ ಪ್ರಯೋಗಗಳಿಂದ ತೋರಿಸಿದರು. ಕಡಿಮೆ ಉಷ್ಣಾಂಶಕ್ಕೆ ಅದು ಎಷ್ಟು ಅನ್ವಯ ಎಂಬ ಪ್ರಶ್ನೆ ಉಳಿದಿದೆ. ವಾಸ್ಕೊನ್ಸೆಲೊಸ್, ಮೆಕೆಂಝಿ ಮತ್ತು ಸಹೋದ್ಯೋಗಿಗಳು ಬ್ರೆಜಿಲಿನ ಲಾಗೊವಾ ವೆರ್ಮೆಲ್ಯಾ ಸರೋವರದ ಕೆಸರನ್ನು ಆಧರಿಸಿ, ಸಲ್ಫೇಟನ್ನು ಅಪಕರ್ಷಿಸುವ ಬ್ಯಾಕ್ಟೀರಿಯಾಗಳ ಸಾನ್ನಿಧ್ಯದಲ್ಲಿ ಡಾಲೊಮೈಟ್ ಮೂಡಿತೆಂದು 1995ರಲ್ಲಿ ಪ್ರಕಟಿಸಿದರು. ಇದರ ಬೆನ್ನಲ್ಲೇ ಸೂಕ್ಷ್ಮಜೀವಿಗಳ ಪಾತ್ರದ ಬಗ್ಗೆ ಬಹಳಷ್ಟು ಕೆಲಸವಾಯಿತು. ಗ್ರೆಗ್ ಮತ್ತು ಸಹೋದ್ಯೋಗಿಗಳ 2015ರ ಸಮೀಕ್ಷೆ ಎತ್ತಿದ ಆಕ್ಷೇಪ 3ನೆಯ ಭಾಗಕ್ಕೆ ಸಂಬಂಧಿಸಿದ್ದು: ಕಡಿಮೆ ಉಷ್ಣಾಂಶದ ಇಂಥ ಅನೇಕ ಉತ್ಪನ್ನಗಳಲ್ಲಿ ಕ್ರಮಸೂಚಕ ರೇಖೆಗಳು ಸಿದ್ಧಪಟ್ಟಿಲ್ಲ, ಅವು ಮೆಗ್ನೀಸಿಯಂ ಬಹಳ ಹೆಚ್ಚಿರುವ ಕ್ಯಾಲ್ಸೈಟ್ ಆಗಿರಬಹುದು. ಆಕ್ಷೇಪ ಎಲ್ಲ ವರದಿಗಳಿಗೂ ಸಮಾನವಾಗಿ ಅನ್ವಯಿಸದಿದ್ದರೂ, ರೇಖೆಗಳನ್ನು ತೋರಿಸದ ವರದಿಗಳನ್ನು ಪ್ರತ್ಯೇಕಿಸಿ ಓದುವುದು ಸೂಕ್ತ.

ಕಿಮ್ ಮತ್ತು ಸಹೋದ್ಯೋಗಿಗಳ 2023ರ ಅಧ್ಯಯನ ಬೇರೆ ದಾರಿ ಹಿಡಿದಿದೆ. ಬೆಳೆಯುವ ಮೇಲ್ಮೈಯಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಡ್ಡಾದಿಡ್ಡಿಯಾಗಿ ಕೂತು ಮುಂದಿನ ಬೆಳವಣಿಗೆಯನ್ನು ತಡೆಯುತ್ತವೆ. ದ್ರಾವಣ ಸ್ವಲ್ಪಕಾಲ ಅಸಂತೃಪ್ತವಾದರೆ ಸ್ಥಾನ ತಪ್ಪಿ ಕೂತ ಅಯಾನುಗಳೇ ಮೊದಲು ಕರಗುತ್ತವೆ. ಮತ್ತೆ ಸಂತೃಪ್ತವಾದಾಗ ಕ್ರಮಬದ್ಧ ಪದರ ಕೂರುತ್ತದೆ. ಸುಮಾರು 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕಿರಣವನ್ನು ಬಿಟ್ಟುಬಿಟ್ಟು ಹಾಯಿಸಿ ಈ ಕರಗುವಿಕೆಯನ್ನು ಉಂಟುಮಾಡಿ, ಸರಿಸುಮಾರು 300 ಪದರಗಳ ಬೆಳವಣಿಗೆಯನ್ನು ಅವರು ದಾಖಲಿಸಿದರು. ಹಿಂದಿನ ಪ್ರಯೋಗಗಳಲ್ಲಿ ಐದು ಪದರ ದಾಟಿರಲಿಲ್ಲ. ಉಬ್ಬರವಿಳಿತ ಮತ್ತು ಮಳೆಯಿಂದ ನೀರಿನ ಸಾಂದ್ರತೆ ಏರಿಳಿಯುವ ತೀರಗಳಲ್ಲಿ ಇಂದಿನ ಡಾಲೊಮೈಟ್ ಸಿಗುವುದಕ್ಕೆ ಇದು ಹೊಂದುತ್ತದೆ. ಸಾವಿರಾರು ಮೀಟರ್ ದಪ್ಪದ ಪ್ರಾಚೀನ ಶಿಲಾಸ್ತೋಮಗಳಿಗೆ ಇದೊಂದೇ ಸಾಕೆಂದು ಹೇಳಲು ಪ್ರಯೋಗದ ಅಳತೆ ಬಹಳ ಚಿಕ್ಕದು.

8. ಉತ್ಪತ್ತಿಯ ಮಾದರಿಗಳು: ಒಂದು ಶಿಲೆ, ಎರಡು ಓದು

ಮಾದರಿಗಳ ಪಟ್ಟಿ ಪಠ್ಯಗಳಲ್ಲಿ ಸುಲಭವಾಗಿ ಸಿಗುತ್ತದೆ: ಅಬುಧಾಬಿಯಂಥ ಒಣ ಕರಾವಳಿಯ ಉಪ್ಪುಬಯಲು, ಆವಿಯಾಗಿ ಭಾರವಾದ ಉಪ್ಪುನೀರು ಕೆಳಗಿಳಿದು ಹರಿಯುವ ಹಿಮ್ಮುಖ ಸೋರಿಕೆ (ಆಡಮ್ಸ್ ಮತ್ತು ರೋಡ್ಸ್, 1960), ಸಿಹಿನೀರು-ಕಡಲನೀರು ಬೆರೆಯುವ ವಲಯ, ಆಳದ ಹೂಳಿಕೆ, ಬಿರುಕುಗಳ ಮೂಲಕ ಏರುವ ಬಿಸಿದ್ರವ. ಮಾದರಿಗಳ ಬಗ್ಗೆ ಎಷ್ಟು ಎಚ್ಚರ ಬೇಕೆಂಬುದಕ್ಕೆ ಅಮೆರಿಕದ ವಿಸ್ಕಾನ್ಸಿನ್ ಪ್ರಾಂತ್ಯದ ಆರ್ಡೊವಿಶಿಯನ್ ಶಿಲೆಗಳ ಇತಿಹಾಸ ಸಾಕಷ್ಟು ಹೇಳುತ್ತದೆ.

ಬದಿಯೊಜಮಾನಿ 1973ರಲ್ಲಿ ಈ ಶಿಲೆಗಳನ್ನು ಆಧರಿಸಿ ಮಿಶ್ರವಲಯದ ಡೊರಾಗ್ ಮಾದರಿಯನ್ನು ಮಂಡಿಸಿದರು. ಎರಡು ನೀರುಗಳು ನಿರ್ದಿಷ್ಟ ಪ್ರಮಾಣದಲ್ಲಿ ಬೆರೆತಾಗ ಕ್ಯಾಲ್ಸೈಟಿಗೆ ಅಸಂತೃಪ್ತ, ಡಾಲೊಮೈಟಿಗೆ ಅತಿಸಂತೃಪ್ತ ಸ್ಥಿತಿ ಉಂಟಾಗುತ್ತದೆ ಎಂಬುದು ಅದರ ತಿರುಳು. ಮುಂದಿನ ವರ್ಷಗಳಲ್ಲಿ ಜಗತ್ತಿನ ನಾನಾ ಭಾಗಗಳ ಶಿಲೆಗಳಿಗೆ ಈ ಮಾದರಿಯನ್ನು ಅನ್ವಯಿಸಲಾಯಿತು. ಹಾರ್ಡಿ 1987ರಲ್ಲಿ ಅದರ ಉಷ್ಣಗತಿಕ ಆಧಾರವನ್ನು ಪ್ರಶ್ನಿಸಿದರು: ಲೆಕ್ಕಕ್ಕೆ ಕ್ರಮಬದ್ಧ ಡಾಲೊಮೈಟಿನ ಕರಗುವಿಕೆಯ ಬದಲು ಕ್ರಮವಿಲ್ಲದ ಡಾಲೊಮೈಟಿನದನ್ನು ಇಟ್ಟರೆ ಅನುಕೂಲ ಮಿಶ್ರಣಗಳ ವ್ಯಾಪ್ತಿ ತೀರ ಕಿರಿದಾಗುತ್ತದೆ. ಇಂದಿನ ಕರಾವಳಿಯ ಮಿಶ್ರವಲಯಗಳಲ್ಲಿ ಹೆಚ್ಚಾಗಿ ಕಾಣುವುದು ಕ್ಯಾಲ್ಸೈಟ್ ಕರಗುವುದು, ಡಾಲೊಮೈಟ್ ಅಲ್ಲ. ಕೊನೆಗೆ ಲೂಝೈ 2006ರಲ್ಲಿ ಅದೇ ವಿಸ್ಕಾನ್ಸಿನ್ ಶಿಲೆಗಳನ್ನು ಮರುಪರಿಶೀಲಿಸಿ, ದ್ರವಬಂಧಗಳು ಮತ್ತು ಇತರ ಸಾಕ್ಷ್ಯಗಳಿಂದ ಬಿಸಿ ಉಪ್ಪುನೀರಿನ ಮೂಲವನ್ನು ಪ್ರತಿಪಾದಿಸಿದರು. ಮಾದರಿಯ ಮೂಲ ನೆಲೆಯೇ ಮಾದರಿಗೆ ಹೊಂದದೆ ಹೋಯಿತು.

ಇದರಿಂದ ಮಿಶ್ರವಲಯದಲ್ಲಿ ಡಾಲೊಮೈಟ್ ಎಂದೂ ಆಗದು ಎಂದು ಸಾಧಿತವಾಗುವುದಿಲ್ಲ. ಆದರೆ 1973 ಮತ್ತು 2006ರ ನಡುವೆ ‘ಮಿಶ್ರವಲಯದ ಡಾಲೊಮೈಟ್’ ಎಂಬ ಉತ್ಪತ್ತಿಸೂಚಕ ಹೆಸರಿನಲ್ಲಿ ದಾಖಲಾದ ಶಿಲಾಮಾದರಿಗಳನ್ನು ಬಳಸುವಾಗ ಮೂಲ ವಿವರಣೆಗೆ ಹಿಂತಿರುಗಬೇಕಾಗುತ್ತದೆ. ವಿನ್ಯಾಸ ಮತ್ತು ಸಂಯೋಜನೆ ಪ್ರತ್ಯೇಕವಾಗಿ ದಾಖಲಾಗಿದ್ದರೆ ಆ ಕೆಲಸ ಸಾಧ್ಯ, ಇಲ್ಲದಿದ್ದರೆ ಇಲ್ಲ. ಟಿರೋಲಿನಲ್ಲೂ ಹೀಗೇ ಆಗಿತ್ತು: ಅಲ್ಲಿನ ಡಾಲೊಮೈಟ್ ಅಗ್ನಿಶಿಲೆಗಳಿಂದ ಹೊಮ್ಮಿದ ಮೆಗ್ನೀಶಿಯಾದ ಆವಿಯಿಂದಾಯಿತೆಂದು ಲಿಯೊಪೋಲ್ಡ್ ಫಾನ್ ಬುಖ್ 1820ರ ದಶಕದಲ್ಲಿ ವಾದಿಸಿದರು, ರಿಖ್ತ್‌ಹೋಫೆನ್ 1860ರಲ್ಲಿ ಅವೇ ರಾಶಿಗಳನ್ನು ಹವಳದಿಬ್ಬಗಳೆಂದು ಓದಿದರು.

9. ಕಲಾದಗಿಯ ಬಗ್ಗೆ ಒಂದು ಸೂಚನೆ

ರಾಬರ್ಟ್ ಬ್ರೂಸ್ ಫೂಟ್ 1876ರ ಪ್ರಬಂಧದಲ್ಲಿ ವಿವರಿಸಿದ ಕಲಾದಗಿ ಶಿಲೆಗಳಲ್ಲಿ, ಈಗಿನ ಬಾಗಲಕೋಟೆ ಸಮೂಹದೊಳಗೆ, ಡಾಲೊಮೈಟ್ ಎಂದೇ ಹೆಸರಾದ ಸ್ತರಘಟಕಗಳಿವೆ. ಲೋಕಾಪುರ ಉಪಸಮೂಹದ ಚಿತ್ರಭಾನುಕೋಟ್ ಡಾಲೊಮೈಟ್ ಅವುಗಳಲ್ಲಿ ಪ್ರಸಿದ್ಧ. ಇಂಥ ಹೆಸರು ಸ್ತರಘಟಕದ ಪ್ರಧಾನ ಶಿಲೆಯನ್ನು ಸೂಚಿಸುತ್ತದೆ, ಅದರೊಳಗಿನ ಪ್ರತಿಯೊಂದು ಮಾದರಿಯನ್ನಲ್ಲ. ಚರ್ಟ್ ಬೆರೆತ ಮಾದರಿಗಳಿಗೆ 4.4ರ ತಿದ್ದುಪಡಿ ನೇರವಾಗಿ ಅನ್ವಯಿಸುತ್ತದೆ.

ಈ ಡಾಲೊಮೈಟ್ ಶಿಲೆಗಳಲ್ಲಿ ಸ್ಟ್ರೊಮ್ಯಾಟೊಲೈಟುಗಳು ಉಳಿದುಬಂದಿವೆ. ಅವುಗಳ ನವಿರಾದ ಪದರಗಳು ಅಳಿಯದೆ ಉಳಿದಿರುವ ಕಡೆ ಪಲ್ಲಟ ಬಹಳ ಬೇಗ, ಕೆಸರು ಗಟ್ಟಿಯಾಗುವ ಮೊದಲೇ ನಡೆದಿರಬಹುದು ಎಂಬ ಊಹೆ ಸಹಜ. ಸಣ್ಣ ಹರಳಿನ ಮೂಲ ಪದಾರ್ಥವಿದ್ದಾಗ ರೂಪ ಉಳಿಸಿಕೊಳ್ಳುವ ಪಲ್ಲಟ ತಡವಾಗಿಯೂ ನಡೆಯಬಲ್ಲದು. ಆದ್ದರಿಂದ ಪದರಗಳ ಉಳಿವು ಮೂಲ ಕಣಗಳ ಗಾತ್ರಕ್ಕೆ ಸಾಕ್ಷಿಯಾದಷ್ಟು ಪಲ್ಲಟದ ಕಾಲಕ್ಕೆ ಸಾಕ್ಷಿಯಲ್ಲ. ಕಾಲವನ್ನು ನಿರ್ಧರಿಸಲು ಡಾಲೊಮೈಟ್ ಹರಳುಗಳಿಗೂ ಒತ್ತಡದಿಂದಾದ ಹೊಲಿಗೆರೇಖೆಗಳಿಗೂ ಇರುವ ಛೇದನ ಸಂಬಂಧವನ್ನು ತೆಳುಛೇದಗಳಲ್ಲಿ ನೋಡಬೇಕು. ಹೊಲಿಗೆರೇಖೆ ಹರಳನ್ನು ಕತ್ತರಿಸಿದ್ದರೆ ಹರಳು ಮೊದಲಿನದು. ಹರಳು ರೇಖೆಯ ಮೇಲೆ ಅಡ್ಡಲಾಗಿ ಬೆಳೆದಿದ್ದರೆ ನಂತರದ್ದು. ಒಂದೇ ತೆಳುಛೇದದಲ್ಲಿ ಎರಡೂ ಸಂಬಂಧ ಕಂಡರೆ ಎರಡು ಪೀಳಿಗೆಯ ಡಾಲೊಮೈಟ್ ಇದೆಯೆಂದು ದಾಖಲಿಸಿ, ಅವುಗಳ ಪದರಾಂತರ ಮತ್ತು ಐಸೊಟೋಪ್ ಮೌಲ್ಯಗಳನ್ನು ಬೇರೆಬೇರೆಯಾಗಿ ಅಳೆಯಬೇಕಾಗುತ್ತದೆ. ಇಡೀ ಶಿಲೆಯ ಪುಡಿಯಿಂದ ಪಡೆದ ಸರಾಸರಿ ಎರಡರಲ್ಲಿ ಯಾವ ಪೀಳಿಗೆಗೂ ಸೇರಿದ್ದಲ್ಲ.